ಕವರ್ ಭಾವನ ಗಾಳಿಶಾಸ್ತ್ರ

"ಇನ್ನೊಂದೇ ಒಂದು ಸಲ ಈ ಕಂಪ್ಯೂಟರು ಬಿಸಿಯಾಗಿ ಆರಿಹೋಗಲಿ, ನನ್ನ ಹೆಸರನ್ನೇ ಬದಲಾಯಿಸ್ಕೊಳ್ತೀನಿ!"

ಬೆಳಗಿನ ಕಾಫಿ ಲೋಟವನ್ನು ಮೇಜಿನ ಮೇಲೆ ಟಕ್ಕನೆ ಕುಕ್ಕಿ, ಮನೆಯ ಯಜಮಾನ ಹೀಗೆ ಪ್ರತಿಜ್ಞೆ ಮಾಡಿದ. ಪ್ರತಿಜ್ಞೆಯ ರಭಸಕ್ಕೆ ಅರ್ಧ ಕಾಫಿ ಚೆಲ್ಲಿತು. ಚೆಲ್ಲಿದರೇನು? ಮೇಜಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಅವನ ಮುಖದಲ್ಲಿ ದೂರದೃಷ್ಟಿಯುಳ್ಳವನ ನಗು ಮಿಂಚಿತು.

"ಹೆಸರು ಆಗಲೇ ಬದಲಾಗಿದೆಯಲ್ಲ," ಎಂದಳು ರಜೆಗೆಂದು ಅಕ್ಕನ ಮನೆಗೆ ಬಂದಿದ್ದ ನಾದಿನಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಇನ್ನೆಷ್ಟು ಸಲ ಬದಲಾಯಿಸ್ತೀರಿ, ಕವರ್ ಭಾವ?"

ಕವರ್ ಭಾವ! ಈ ಬಿರುದನ್ನು ದಯಪಾಲಿಸಿದವಳು ಅವಳೇ. ಮೊದಲು ಅದು ಮನೆಯೊಳಗಷ್ಟೇ ಓಡಾಡಿಕೊಂಡಿತ್ತು. ಆಮೇಲೆ ಮೆಲ್ಲಗೆ ಮೆಟ್ಟಿಲಿಳಿದು ಇಡೀ ಕಟ್ಟಡದವರ ಬಾಯಿಗೆ ಬಿತ್ತು. ಈಗ ಹಾಲು ಹಾಕುವವನೂ "ಕವರ್ ಭಾವನವರ ಮನೆ ಇದೇ ಅಲ್ವಾ?" ಎಂದು ಕೇಳುವ ಹಂತಕ್ಕೆ ಬಂದಿತ್ತು.

ಬಿರುದು ಸುಮ್ಮನೆ ಬಂದದ್ದಲ್ಲ. ಭಾವನಿಗೆ ವಿಮೆ ಕಂಪನಿಯಲ್ಲಿ ಕೆಲಸ. ಒಡೆದ, ಸುಟ್ಟ, ಜಜ್ಜಿಹೋದ, ಗೀರುಬಿದ್ದ ಸಾಮಾನುಗಳ ಫೋಟೋಗಳನ್ನು ದಿನವಿಡೀ ನೋಡಿ ಯಾವುದಕ್ಕೆ ಪರಿಹಾರ ಉಂಟು, ಯಾವುದಕ್ಕೆ ಇಲ್ಲ ಎಂದು ತೀರ್ಮಾನಿಸುವುದು. ನೋಡಿ ನೋಡಿ, ಈ ಲೋಕದಲ್ಲಿ ಹುಟ್ಟಿದ್ದೆಲ್ಲ ಗೀರು ಬೀಳುವುದಕ್ಕೇ ಹುಟ್ಟಿದೆ ಎಂಬ ವೈರಾಗ್ಯ ಅವನಿಗೆ ಚಿಕ್ಕ ವಯಸ್ಸಿನಲ್ಲೇ ಬಂದುಬಿಟ್ಟಿತು. ಬೇರೆಯವರಾಗಿದ್ದರೆ ಸನ್ಯಾಸ ತೆಗೆದುಕೊಳ್ಳುತ್ತಿದ್ದರು. ಭಾವ ಹೊಸ ಸಾಮಾನಿನ ಪ್ಲಾಸ್ಟಿಕ್ ತೆಗೆಯುವುದನ್ನು ಬಿಟ್ಟ!

ಟೀವಿಯ ರಿಮೋಟು ಅಂಗಡಿಯಿಂದ ಬಂದ ಚೀಲದೊಳಗೇ ಇತ್ತು. ಗುಂಡಿ ಒತ್ತಿದರೆ ಚೀಲ ಚರಚರ ಎನ್ನುತ್ತಿತ್ತೇ ಹೊರತು ಚಾನೆಲ್ಲು ಬದಲಾಗುತ್ತಿರಲಿಲ್ಲ. ಕುರ್ಚಿಗಳಿಗೆ ಪ್ಲಾಸ್ಟಿಕ್ ಹೊದಿಕೆ. ಸೆಕೆಗಾಲದಲ್ಲಿ ಬಂದ ನೆಂಟರು ಏಳುವಾಗ, ಪೊರೆ ಬಿಡುವ ಹಾವಿನಂತೆ ಸದ್ದು ಮಾಡಿಕೊಂಡು ಏಳುತ್ತಿದ್ದರು. ತೂಕದ ಯಂತ್ರದ ಮೇಲಿನ ಹಾಳೆ ಮಬ್ಬಾಗಿ ಅಂಕಿಯೇ ಕಾಣುತ್ತಿರಲಿಲ್ಲ. ಅದೊಂದರ ಬಗ್ಗೆ ಮಾತ್ರ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ.

ಹೆಂಡತಿಯದು ಪೂರಾ ಉಲ್ಟಾ ಜಾತಕ. ಎಲ್ಲಾದರೂ ಪ್ಲಾಸ್ಟಿಕ್ಕಿನ ಒಂದು ಮೂಲೆ ಎದ್ದಿರುವುದು ಕಂಡರೆ ಸಾಕು, ಅವಳ ಉಗುರು ತುರಿಸುತ್ತಿತ್ತು. ಒಮ್ಮೆ ಅವನು ಆಫೀಸಿಗೆ ಹೋಗಿದ್ದಾಗ ಅಡುಗೆಮನೆಯನ್ನೆಲ್ಲ ಸುಲಿದು ಹಾಕಿದ್ದಳು. ಫ್ರಿಜ್ಜು, ಒಲೆ, ಮಿಕ್ಸಿ, ಯಾವುದನ್ನೂ ಬಿಟ್ಟಿರಲಿಲ್ಲ. ಸಂಜೆ ಬಂದ ಭಾವ ಫ್ರಿಜ್ಜಿನ ಮುಂದೆ ನಿಂತು, ತಲೆ ಬೋಳಿಸಿದ ಮಗುವನ್ನು ಕಂಡ ತಾಯಿಯಂತೆ ಕಣ್ಣೀರಿಟ್ಟ. ಆವತ್ತೇ ಒಪ್ಪಂದವಾಯಿತು. ಅಡುಗೆಮನೆ ಅವಳ ರಾಜ್ಯ. ಮಿಕ್ಕ ಮನೆ, ಅದರಲ್ಲೂ ಕಂಪ್ಯೂಟರಿನ ಕೋಣೆ, ಅವನ ರಾಜ್ಯ. ಅಲ್ಲಿ ಯಾರ ಉಗುರೂ ಆಡಕೂಡದು!

ಆ ರಾಜ್ಯದಲ್ಲಿ ಒಂದೇ ಒಂದು ಕೊರತೆ ಎಂದರೆ ನಡುಮನೆಯ ಗೋಡೆಯ ಮೇಲಿನ ಮದುವೆಯ ಫೋಟೋ. ಅದರಲ್ಲಿ ಗಂಡ ಹೆಂಡಿರಿಬ್ಬರೂ ಮಂಜಿನಲ್ಲಿ ದಾರಿ ತಪ್ಪಿದವರಂತೆ ಮಸುಕು ಮಸುಕಾಗಿದ್ದರು. "ಆ ಫೋಟೋಗ್ರಾಫರ್‌ಗೆ ಕೈ ನಡುಗ್ತಿತ್ತು. ನನ್ನ ಮುಖದ ಕಳೇನೇ ತೆಗೆದುಬಿಟ್ಟ," ಎಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದ. "ಇದ್ದರೆ ತಾನೇ ತೆಗೆಯೋದು," ಎಂದು ಹೆಂಡತಿ ಒಳಗಿನಿಂದ ಸೇರಿಸುತ್ತಿದ್ದಳು.

ಅವಳ ಮಾತಿಗೆ ಬರೋಣ. ಅವಳ ಆಸ್ತಿಯೇ ಅವಳ ದನಿ. ಮದುವೆಗೆ ಮುಂಚಿನಿಂದಲೂ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ಹೇಳುವ ಕೆಲಸ ಮಾಡುತ್ತಿದ್ದಳು. ಅವಳು ಹೇಳಿದರೆ ತಡವಾದ ಬಸ್ಸಿನ ಮೇಲೂ ಜನಕ್ಕೆ ಸಿಟ್ಟು ಬರುತ್ತಿರಲಿಲ್ಲ. ಈ ವರ್ಷ ಅಲ್ಲಿಗೆ ಯಂತ್ರ ಬಂತು. ಯಂತ್ರ ಸಂಬಳ ಕೇಳುವುದಿಲ್ಲ, ನೆಗಡಿ ಎನ್ನುವುದಿಲ್ಲ. ಅವಳು ಮನೆಗೆ ಬಂದಳು. ಬಂದವಳು ಕೆಲವು ವಾರ ಬೇಕಾದ್ದಕ್ಕೂ ಬಾಯಿ ಬಿಡಲಿಲ್ಲ. ಗಲಾಟೆಯಿಲ್ಲದ ಮನೆ ಎಷ್ಟು ಕೆಟ್ಟದ್ದೆಂಬುದು ಭಾವನಿಗೆ ಆಗ ಗೊತ್ತಾಯಿತು.

ಅಂಥ ಹೊತ್ತಿನಲ್ಲಿ, ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಮಾರುವ ಸಂಸ್ಥೆಯೊಂದು ಅವಳನ್ನು ಕರೆಯಿತು. ಒಂದು ಪತ್ತೇದಾರಿ ಕಾದಂಬರಿಯ ಮೊದಲ ಅಧ್ಯಾಯವನ್ನು ಮಾದರಿಗೆ ಓದಿ ಕಳಿಸಬೇಕು. ಚೆನ್ನಾಗಿದ್ದರೆ ಇಡೀ ಪುಸ್ತಕ ಅವಳದು, ಮುಂದೆ ಕೆಲಸವೂ ಖಾಯಂ. ಅದಕ್ಕೆಂದೇ ಹೊಸ ಕಂಪ್ಯೂಟರು ಬಂತು, ಮೈಕು ಬಂತು. ಅವಳು ಮತ್ತೆ ಮಾತಾಡತೊಡಗಿದಳು, ಜಗಳವಾಡತೊಡಗಿದಳು. ಸಿಟ್ಟು ಬಂದಾಗ ಹಳೆಯ ನಿಲ್ದಾಣದ ಧಾಟಿಯಲ್ಲೇ, "ಯಜಮಾನರೇ, ದಯವಿಟ್ಟು ಗಮನಿಸಿ! ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಂದು ನಿಂತಿದೆ," ಎನ್ನತೊಡಗಿದಳು. ಭಾವನಿಗೆ ಹೋದ ಜೀವ ಬಂದಂತಾಯಿತು.

ಆದರೆ ಕಂಪ್ಯೂಟರು ಕೈಕೊಟ್ಟಿತು. ಒಂದೊಂದೇ ತುಣುಕನ್ನು ಓದಿ ಉಳಿಸಿಕೊಳ್ಳುವ ತನಕ ಸಾಧುವಾಗಿರುತ್ತಿತ್ತು. ಎಲ್ಲ ತುಣುಕುಗಳನ್ನೂ ಜೋಡಿಸಿ ಒಂದು ಅಧ್ಯಾಯ ಮಾಡು ಎಂದರೆ ಸಾಕು, ಮೈ ಕಾದು ಕೆಂಡವಾಗಿ, ಅರ್ಧ ದಾರಿಯಲ್ಲಿ ಗುಟುಕ್ ಎಂದು ಆರಿಹೋಗುತ್ತಿತ್ತು. ಸಂಸ್ಥೆಯ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: ಶನಿವಾರ ಸಂಜೆ ಆಫೀಸು ಮುಚ್ಚುವುದರೊಳಗೆ ಅಧ್ಯಾಯ ಬರಬೇಕು, ಇಲ್ಲದಿದ್ದರೆ ಪುಸ್ತಕ ಇನ್ನೊಬ್ಬರಿಗೆ.

ಕಾಫಿ ಚೆಲ್ಲಿದ ಪ್ರತಿಜ್ಞೆಯ ಹಿನ್ನೆಲೆ ಇದು.

"ರಿಪೇರಿಯವರಿಗೆ ತೋರಿಸೋಣ ರೀ," ಎಂದಳು ಹೆಂಡತಿ.

"ರಿಪೇರಿಯವನು ಸ್ಕ್ರೂಡ್ರೈವರ್ ಜಾರಿಸಿ ಗೀರು ಹಾಕ್ತಾನೆ. ಇದು ಬರೀ ಗಾಳಿ ಸಮಸ್ಯೆ ಕಣೇ. ಒಳಗೆ ತಣ್ಣನೆ ಗಾಳಿ ಹೋಗ್ಬೇಕು, ಬಿಸಿ ಗಾಳಿ ಹೊರಗೆ ಬರ್ಬೇಕು. ಸರಿಯಾದ ಫ್ಯಾನ್ ಆರಿಸಿ ಹಾಕಿದ್ರೆ ಮುಗೀತು. ಒಬ್ಬ ವಿದ್ಯಾವಂತ ಗಂಡಸಿಗೆ ಒಂದು ಫ್ಯಾನ್ ಆರಿಸೋಕೆ ಬರಲ್ವಾ?"

"ಹೋದ ಸಲ ವಿದ್ಯಾವಂತ ಗಂಡಸು ಆರಿಸಿದ ಕೊಡೆ ಮಡಿಚೋಕೇ ಬರಲಿಲ್ಲ," ಎಂದಳು ನಾದಿನಿ. "ಬಸ್ಸಲ್ಲಿ ಬಿಚ್ಕೊಂಡೇ ಬಂದ್ವಿ."

ಭಾವ ಕೇಳಿಸಿಕೊಳ್ಳಲಿಲ್ಲ. ಆವತ್ತು ಆಫೀಸಿನಲ್ಲಿ ಒಡೆದ ಸಾಮಾನುಗಳನ್ನು ಪಕ್ಕಕ್ಕೆ ತಳ್ಳಿ ಗಾಳಿಶಾಸ್ತ್ರದ ಅಧ್ಯಯನಕ್ಕೆ ಕೂತ. ಮಧ್ಯಾಹ್ನದ ಹೊತ್ತಿಗೆ ಅವನ ತಲೆಯೊಳಗೇ ನಾಲ್ಕಾರು ಫ್ಯಾನುಗಳು ತಿರುಗುತ್ತಿದ್ದವು. ಸಂಜೆ ನೇರವಾಗಿ ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೋದ.

ಅಂಗಡಿಯವನು ಗಲ್ಲಾದ ಹಿಂದೆ ಕೂತು ಅರ್ಧ ಕಣ್ಣು ಮುಚ್ಚಿಕೊಂಡೇ ಕೇಳಿದ: "ಹರಿವಿನ ಫ್ಯಾನ್ ಬೇಕೋ, ಒತ್ತಡದ ಫ್ಯಾನ್ ಬೇಕೋ?"

"ಏನು ವ್ಯತ್ಯಾಸ?" ಎಂದು ಭಾವ ಪರೀಕ್ಷಕನ ಗತ್ತಿನಲ್ಲಿ ಕೇಳಿದ. ಗೊತ್ತಿಲ್ಲದ್ದನ್ನು ಕೇಳುವಾಗ ಅವನು ಯಾವಾಗಲೂ ಆ ಗತ್ತನ್ನೇ ಬಳಸುತ್ತಿದ್ದ.

"ಗಾಳಿ ದಾರೀಲಿ ಅಡ್ಡ ಏನೂ ಇಲ್ದಿದ್ರೆ ಹರಿವಿಂದು. ಧಾರಾಳವಾಗಿ ಗಾಳಿ ಸಾಗಿಸುತ್ತೆ. ಜರಡಿ ಗಿರಡಿ ಅಂತ ಅಡ್ಡ ಇದ್ರೆ ಒತ್ತಡದ್ದು, ಅದು ಜಗ್ಗಿ ಎಳಿಯುತ್ತೆ. ನಿಮ್ಮ ಕಂಪ್ಯೂಟರ್ ಡಬ್ಬದ ಮುಂದೆ ಏನಾದ್ರೂ ಅಡ್ಡ ಇದೆಯಾ ಸಾರ್?"

"ಛೆ ಛೆ! ಏನೇನೂ ಇಲ್ಲ. ಮುಂದೆ ಬರೀ ತೂತು ತೂತು ಜಾಲರಿ. ಫಳಫಳ ಅಂತಿದೆ, ಕೊಂಡಾಗ ಹೇಗಿತ್ತೋ ಹಾಗೇ!"

"ಹಾಗಾದ್ರೆ ಹರಿವಿಂದೇ ತಗೊಳ್ಳಿ. ದೊಡ್ಡದು ಮೆಲ್ಲಗೆ ತಿರುಗುತ್ತೆ, ಸದ್ದು ಕಮ್ಮಿ. ಚಿಕ್ಕದು ಜೋರಾಗಿ ತಿರುಗುತ್ತೆ, ಸದ್ದು ಜಾಸ್ತಿ."

"ಜೋರಾಗಿ ತಿರುಗೋದೇ ಕೊಡಿ," ಎಂದ ಭಾವ. "ಮೆಲ್ಲಗೆ ತಿರುಗೋಕೆ ನಮ್ಮ ಆಫೀಸಿನವರಿದ್ದಾರೆ."

ಮನೆಗೆ ಬಂದು ಫ್ಯಾನುಗಳನ್ನು ಜೋಡಿಸಿದ. ಮುಂದೆ ಗಾಳಿ ಎಳೆಯುವುದಕ್ಕೆ ಎರಡು, ಹಿಂದೆ ದಬ್ಬುವುದಕ್ಕೆ ಒಂದು. ಗುಂಡಿ ಒತ್ತಿದ. ಫ್ಯಾನುಗಳು ಗುಂಯ್ ಎಂದು ಶುರುವಾಗಿ, ಭರ್ರ್ ಎಂದು ಏರಿ, ಕೊನೆಗೆ ವಿಮಾನ ಮೇಲೇಳುವಾಗಿನ ಆರ್ಭಟಕ್ಕೆ ಬಂದು ನೆಲೆಸಿದವು. ಹೆಂಡತಿ ಏನೋ ಹೇಳಿದಳು. ತುಟಿ ಅಲುಗಿದ್ದು ಮಾತ್ರ ಕಂಡಿತು.

"ಏನು?" ಎಂದು ಕಿರುಚಿದ ಭಾವ.

"ಸದ್ದು ಜಾಸ್ತಿ ಆಯ್ತು ಅಂದೆ!" ಎಂದು ಕಿರುಚಿದಳು ಅವಳು.

"ಮೈಕನ್ನ ಬಾಯಿ ಹತ್ರ ಇಟ್ಕೊಂಡು ಓದು, ಫ್ಯಾನ್ ಸದ್ದು ಕೇಳ್ಸಲ್ಲ!"

ಅವಳು ಓದಿ, ನೋಡೋಣವೆಂದು ಒಂದು ತುಣುಕನ್ನು ಮೇಡಂಗೆ ಕಳಿಸಿದಳು. ಮರುದಿನ ಬೆಳಗ್ಗೆಯೇ ಮೇಡಂ ಫೋನು ಬಂತು.

"ಏನು ಮೇಡಂ ಇದು? ಕಥೇಲಿ 'ಬಂಗಲೆಯ ಸುತ್ತ ಗಾಢ ಮೌನ, ಒಂದು ಎಲೆಯೂ ಅಲುಗುತ್ತಿರಲಿಲ್ಲ' ಅಂತಿದೆ. ನೀವು ಹೆಲಿಕಾಪ್ಟರಲ್ಲಿ ಕೂತ್ಕೊಂಡು ಓದಿದ್ರಾ?"

ಸಾಲದ್ದಕ್ಕೆ, ಆ ಹೆಲಿಕಾಪ್ಟರೂ ತುಣುಕುಗಳನ್ನು ಜೋಡಿಸುವಾಗ ಅರ್ಧ ದಾರಿಯಲ್ಲೇ ನೆಲಕ್ಕಿಳಿಯಿತು. ಗುಟುಕ್!

"ಅಷ್ಟು ಗಾಳಿ ಹೊಡೆದ್ರೂ ಬಿಸಿ ಯಾಕೆ ಆಗುತ್ತೆ ರೀ?" ಎಂದು ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟವನಿಗೆ ನ್ಯಾಯವಾದ ಪ್ರಶ್ನೆಗಳು ಕೇಳಿಸುವುದಿಲ್ಲ.

"ಫ್ಯಾನಿನ ಜಾತಿ ತಪ್ಪಾಯ್ತು," ಎಂದ ಭಾವ ಗಂಭೀರವಾಗಿ. "ಒತ್ತಡದ್ದೇ ಬೇಕಿತ್ತು. ಆ ಅಂಗಡಿಯವನಿಗೆ ಏನೂ ಗೊತ್ತಿಲ್ಲ."

ಏನೂ ಗೊತ್ತಿಲ್ಲದ ಅಂಗಡಿಯವನ ಮುಂದೆ ಆವತ್ತು ಸಂಜೆ ಮತ್ತೆ ಹಾಜರಾದ. "ದೊಡ್ಡದು ಕೊಡಿ. ಸದ್ದಿಲ್ಲದ್ದು. ಒತ್ತಡದ್ದು. ಗೋಡೆ ಅಡ್ಡ ಇದ್ರೂ ಗಾಳಿ ಎಳೀಬೇಕು, ಅಂಥದ್ದು!"

ಅಂಗಡಿಯವನು ಈ ಸಲ ಪೂರ್ತಿ ಕಣ್ಣು ಬಿಟ್ಟು ನೋಡಿದ. "ಗೋಡೆ ಅಡ್ಡ ಇದೆಯಾ ಸಾರ್?"

"ಇಲ್ಲ ಕಣ್ರೀ, ಮಾತಿಗೆ ಹೇಳ್ದೆ!"

ಅಂಗಡಿಯವನು ಫ್ಯಾನಿನ ಚೌಕಟ್ಟಿನ ಅಂಚಿನಲ್ಲಿದ್ದ ಸಣ್ಣ ಬಾಣದ ಗುರುತನ್ನು ತೋರಿಸಿದ. ಬಾಣ ಯಾವ ಕಡೆಗಿದೆಯೋ ಗಾಳಿ ಆ ಕಡೆಗೆ ಹೋಗುತ್ತದೆ. ಭಾವ ಬಾಣ ನೋಡಿಕೊಂಡೇ ಜೋಡಿಸಿದ. ಈ ಸಲ ಫ್ಯಾನುಗಳು ತಿರುಗುತ್ತಿವೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಮೌನ! ಮೈಸವರಿದಂಥ ಒಂದು ತೆಳ್ಳನೆಯ "ಸುಯ್ಯ್" ಬಿಟ್ಟರೆ ಏನೂ ಇಲ್ಲ.

"ಕೇಳು," ಎಂದು ಅವನು ಎದೆಯುಬ್ಬಿಸಿದ. "ಏನಾದ್ರೂ ಕೇಳ್ಸುತ್ತಾ? ಇದಕ್ಕೇ ಅನ್ನೋದು ಆಯ್ಕೆ ಅಂತ!"

ಮೇಡಂಗೆ ಕೇಳಿಸಿತು.

"ಈಗ ಎಷ್ಟೋ ಪರವಾಗಿಲ್ಲ ಮೇಡಂ. ಆದ್ರೆ, 'ಆ ಕತ್ತಲೆಯ ಕೋಣೆಯಲ್ಲಿ ಅವಳು ಒಬ್ಬಂಟಿಯಾಗಿದ್ದಳು' ಅಂತ ನೀವು ಓದ್ತೀರಿ, ಹಿಂದೆ ಯಾರೋ ಶಿಳ್ಳೆ ಹೊಡೀತಾರೆ! ನಮ್ಮ ಕಥಾನಾಯಕಿ ಅಂಥವಳಲ್ಲ."

ಜೋಡಣೆಯ ಹೊತ್ತಿಗೆ ಮತ್ತೆ ಗುಟುಕ್! ಶುಕ್ರವಾರ ಬಂತು. ಹೆಂಡತಿ ಮಾತು ಕಡಿಮೆ ಮಾಡಿದಳು. ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿದ್ದಿತ್ತು, ಪ್ರಕಟಣೆ ಹೊರಡಲಿಲ್ಲ. ಅವಳೇ ಅದನ್ನು ಎತ್ತಿ ಹರವಿ ಹೋದಳು. ಭಾವನಿಗೆ ಬೈಗುಳಕ್ಕಿಂತ ಅದು ಜಾಸ್ತಿ ಚುಚ್ಚಿತು. ಟವೆಲ್ಲನ್ನು ಮತ್ತೆ ಹಾಸಿಗೆಯ ಮೇಲೆ ಹಾಕಿ ನೋಡಿದ. ಆಗಲೂ ಅವಳು ಸುಮ್ಮನಿದ್ದಳು.

ಶನಿವಾರ ಬೆಳಗ್ಗೆ ಅವನು ನಡುಮನೆಯಲ್ಲಿ ಮೇಜಿನ ಮೇಲಿದ್ದ ಟೇಬಲ್ ಫ್ಯಾನನ್ನು ದಿಟ್ಟಿಸುತ್ತಾ ಕೂತಿದ್ದ. ಅದಕ್ಕೂ ಪ್ಲಾಸ್ಟಿಕ್ ಚೀಲ ತೊಡಿಸಿತ್ತು, ಗಾಳಿ ಬರುವ ಕಡೆ ಮಾತ್ರ ಒಂದು ಗುಂಡಗಿನ ತೂತು. ಇದ್ದಕ್ಕಿದ್ದಂತೆ ಎದ್ದು ನಿಂತು, "ಸಿಕ್ತು!" ಎಂದು ಕೂಗಿದ.

"ಏನು, ಕಳೆ ಸಿಕ್ತಾ?" ಎಂದಳು ನಾದಿನಿ.

"ಟೇಬಲ್ ಫ್ಯಾನ್ ನೋಡು! ಮೋಟಾರು ಹಿಂದೆ, ಗಾಳಿ ಮುಂದೆ. ಅಲ್ವಾ? ಕಂಪ್ಯೂಟರ್ ಫ್ಯಾನಲ್ಲಿ ಮೋಟಾರಿನ ಬೆನ್ನು ಡಬ್ಬದ ಒಳಗಡೆಗಿದೆ. ಅಂದ್ರೆ ಮುಖ ಹೊರಗಡೆ. ಅಂದ್ರೆ ನಾವು ಇಷ್ಟು ದಿನ ಗಾಳೀನ ಹೊರಗೆ ದಬ್ಬಿದ್ದೀವಿ! ಬಾಣ ತಪ್ಪು! ಫ್ಯಾನ್ ಮಾಡಿದವರೇ ತಪ್ಪು!"

ಬಾಣ ಸರಿಯಾಗಿಯೇ ಇತ್ತು. ಕಂಪ್ಯೂಟರಿನ ಫ್ಯಾನು ಗಾಳಿ ಬಿಡುವುದು ಮೋಟಾರಿನ ಬೆನ್ನಿನ ಕಡೆಗೆ, ಟೇಬಲ್ ಫ್ಯಾನಿನ ತದ್ವಿರುದ್ಧ. ಇದು ಜಗತ್ತಿಗೆಲ್ಲ ಗೊತ್ತಿತ್ತು. ಜಗತ್ತಿನವರ ಮೇಲೆ ಭಾವನಿಗೆ ಎಂದೂ ನಂಬಿಕೆ ಇರಲಿಲ್ಲ. ಮುಂದಿನ ಎರಡೂ ಫ್ಯಾನುಗಳನ್ನು ಬಿಚ್ಚಿ, ಹಿಂದುಮುಂದು ಮಾಡಿ ಕೂರಿಸಿದ.

ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡು ಕೊನೆಯ ತುಣುಕನ್ನು ಓದಿದಳು. ಕಳಿಸಿದಳು. ಫೋನು ತಕ್ಷಣ ಬಂತು. ಮೇಡಂ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತಿತ್ತು.

"ಮೇಡಂ, 'ನೆಲದ ಮೇಲೆ ಹೆಣ ನಿಶ್ಚಲವಾಗಿ ಬಿದ್ದಿತ್ತು' ಅಂತ ಓದಿದ್ದೀರಿ. ಬಹಳ ಚೆನ್ನಾಗಿ ಓದಿದ್ದೀರಿ. ಆದ್ರೆ ಹೆಣ ಗೊರಕೆ ಹೊಡೆಯೋದನ್ನ ನನ್ನ ಸರ್ವೀಸಲ್ಲೇ ಕೇಳಿರಲಿಲ್ಲ. ಇವತ್ತು ಸಂಜೆ ಆಫೀಸು ಮುಚ್ಚೋವರೆಗೂ ಕಾಯ್ತೀನಿ. ಆಮೇಲೆ ನನ್ನ ಕೈಲಿಲ್ಲ."

ಹೆಂಡತಿ ಫೋನಿಟ್ಟಳು. ಕಣ್ಣಂಚು ಕೆಂಪಗಾಗಿತ್ತು. ಅವಳು ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ನಿಲ್ದಾಣದ ಇಡೀ ಛಾವಣಿ ತುಂಬುವಂಥ ದನಿಯಲ್ಲಿ ಹೇಳಿದಳು:

"ಯಜಮಾನರೇ, ದಯವಿಟ್ಟು ಗಮನಿಸಿ! ನಿಮ್ಮ ಗೊರಕೆ ಈ ಮನೆಯಿಂದ ತಕ್ಷಣವೇ ಹೊರಡಲಿದೆ!"

"ನನ್ನಾಣೆ ನಾನು ಮಲಗೇ ಇರಲಿಲ್ಲ ಕಣೇ!" ಎಂದು ಭಾವ ಅಂಗಲಾಚಿದ. "ನಿನ್ನ ತಂಗಿ ಹತ್ರ ಕೇಳು!"

"ಇಲ್ಲಕ್ಕ, ಭಾವ ಎಚ್ಚರಾನೇ ಇದ್ರು," ಎಂದಳು ನಾದಿನಿ. "ಟೇಬಲ್ ಫ್ಯಾನಿಗೆ ಬುದ್ಧಿ ಹೇಳ್ತಿದ್ರು."

ಹಾಗಾದರೆ ಗೊರಕೆ ಯಾರದು? ಮೂವರೂ ಉಸಿರು ಬಿಗಿಹಿಡಿದು ನಿಂತರು.

ಪರ್ರ್… ಪರ್ರ್… ಪರ್ರ್…

ಬಸ್ಸುಗಳ ಗದ್ದಲದ ನಡುವೆ ಚಾಲಕನ ಹಾರನ್ನಿನಿಂದಲೇ ಬಸ್ಸನ್ನು ಗುರುತಿಸುತ್ತಿದ್ದ ಕಿವಿ ಅವಳದು. ಸದ್ದಿನ ಜಾಡು ಹಿಡಿದು ಹೋಗಿ ಕಂಪ್ಯೂಟರಿನ ಡಬ್ಬದ ಮುಂದೆ ಮಂಡಿಯೂರಿದಳು. ನೋಡಿದಳು. ಇನ್ನೂ ಹತ್ತಿರ ಹೋಗಿ ನೋಡಿದಳು.

"ರೀ," ಎಂದಳು ಮೆಲ್ಲಗೆ. "ಇದರ ಹೊಟ್ಟೆ ಉಬ್ಬಿದೆ."

ನಿಜವೇ! ಡಬ್ಬದ ಮುಖ, ಊಟ ಜಾಸ್ತಿಯಾದವನ ಹೊಟ್ಟೆಯಂತೆ, ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕೆಳಗಿನ ಒಂದು ಮೂಲೆ ಎದ್ದು, ಒಳಗಿನ ಗಾಳಿಗೆ ಪರ್ರ್ ಎಂದು ಅದುರುತ್ತಿತ್ತು. ಅವಳು ಆ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದಳು. ಹಿಡಿದ ತಕ್ಷಣ ಗೊರಕೆ ನಿಂತಿತು.

"ಇದೇನ್ರೀ ಇದು?"

"ಅದಾ?" ಎಂದ ಭಾವ. "ಅದು ಕಂಪನಿಯವರೇ ಅಂಟಿಸಿ ಕಳಿಸಿದ ಕವರು. ಜಾಲರಿ ಮೇಲೆ ಗೀರು ಬೀಳಬಾರದು ಅಂತ ನಾನೇ ಬಿಟ್ಟಿದ್ದೀನಿ. ಮುಟ್ಟಬೇಡ, ಒಪ್ಪಂದ ಇದೆ. ಅದು ಇರೋದ್ರಿಂದಲೇ ಒಳಗೆ ಒಂದು ಚೂರು ಧೂಳು ಹೋಗಲ್ಲ, ಗೊತ್ತಾ?"

"ಗಾಳಿ?"

"ಗಾಳಿ…" ಎಂದು ಶುರುಮಾಡಿದ ಭಾವ, ಅಲ್ಲಿಗೇ ನಿಂತ.

ಕೋಣೆಯಲ್ಲಿ ಗಾಢ ಮೌನ. ಒಂದು ಎಲೆಯೂ ಅಲುಗಲಿಲ್ಲ.

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ್ದೆಂದರೆ ಇದೇ. ಹರಿವಿನ ಫ್ಯಾನು ಎಳೆದದ್ದು ಆ ಕವರನ್ನು. ಒತ್ತಡದ ಫ್ಯಾನು ಇನ್ನೂ ಬಲವಾಗಿ ಎಳೆದದ್ದೂ ಆ ಕವರನ್ನೇ. ಎಳೆದಷ್ಟೂ ಅದು ಜಾಲರಿಗೆ ಬಿಗಿಯಾಗಿ ಕಚ್ಚಿಕೊಂಡಿತ್ತು. ಅಂಚಿನ ಸಂದಿಯಲ್ಲಿ ನುಸುಳಿದ ಚೂರು ಗಾಳಿಯೇ ಶಿಳ್ಳೆ ಹೊಡೆದದ್ದು. ಫ್ಯಾನನ್ನು ಹಿಂದುಮುಂದು ಹಾಕಿದ ಮೂರ್ಖತನ ಒಂದೇ ಇಡೀ ವಾರದಲ್ಲಿ ಭಾವ ಮಾಡಿದ ಪ್ರಯೋಜನಕ್ಕೆ ಬಂದ ಕೆಲಸ!

"ಅಕ್ಕ," ಎಂದಳು ನಾದಿನಿ ನಡುಗುವ ದನಿಯಲ್ಲಿ. ನಗು ತಡೆದೂ ತಡೆದೂ ಅವಳ ದನಿ ನಡುಗುತ್ತಿತ್ತು. "ಭಾವ ಅಂಗಡಿಗೆ ಹೋಗಿ ಗೋಡೆ ಅಡ್ಡ ಇದ್ರೂ ಎಳೆಯೋ ಫ್ಯಾನ್ ಕೊಡಿ ಅಂದ್ರಂತೆ. ಗೋಡೆ ಕಟ್ಟಿದವರೂ ಅವರೇ!"

ಹೆಂಡತಿ ಗಂಡನ ಮುಖ ನೋಡಿದಳು. ಅವನು ಒಪ್ಪಂದವನ್ನು ನೆನೆದ. ಫ್ರಿಜ್ಜನ್ನು ನೆನೆದ. ಹಾಸಿಗೆಯ ಮೇಲಿನ ಒದ್ದೆ ಟವೆಲ್ಲನ್ನೂ ನೆನೆದ. ಕೊನೆಗೆ ಕಣ್ಣು ಮುಚ್ಚಿ, ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ತಂದೆಯಂತೆ, "ಆಗ್ಲಿ. ಒಂದೇ ಕಡೆಯಿಂದ ನಿಧಾನಕ್ಕೆ ತೆಗಿ, ಹರೀಬಾರ್ದು," ಎಂದ.

ಚರ್ರ್ರ್ರ್!

ಅವಳು ನಿಧಾನಕ್ಕೇನೂ ತೆಗೆಯಲಿಲ್ಲ. ಆದರೆ ಆ ಸದ್ದಿನ ಜೊತೆ ಅವಳ ಮುಖದಲ್ಲಿ ಎಷ್ಟೋ ದಿನಗಳ ಉಗುರಿನ ತುರಿಕೆ ತಣಿದದ್ದನ್ನು ಕಂಡಾಗ ಭಾವನಿಗೆ ತನ್ನ ಮೈಮೇಲಿಂದಲೇ ಒಂದು ಕವರು ತೆಗೆದಷ್ಟು ಹಗುರವೆನಿಸಿತು.

ಆಮೇಲೆ ಎಲ್ಲ ಸರಸರ ನಡೆಯಿತು. ಭಾವ ಫ್ಯಾನುಗಳನ್ನು ಬಿಚ್ಚಿ ಬಾಣದಂತೆ ಕೂರಿಸಿದ. ನಾದಿನಿ ಬಾಣವನ್ನು ಜೋರಾಗಿ ಓದಿ ಹೇಳಿದಳು: "ಬಾಣ ಒಳಗಡೆ, ಭಾವ. ಟೇಬಲ್ ಫ್ಯಾನನ್ನ ಕೇಳ್ಬೇಡಿ." ಮುಂದಿನಿಂದ ತಣ್ಣನೆಯ ಗಾಳಿ ಒಳನುಗ್ಗಿತು, ಹಿಂದಿನಿಂದ ಬಿಸಿ ಗಾಳಿ ಹೊರಬಿತ್ತು. ಶಿಳ್ಳೆಯಿಲ್ಲ, ಗೊರಕೆಯಿಲ್ಲ. ಹೆಂಡತಿ ಕೆಟ್ಟ ತುಣುಕುಗಳನ್ನೆಲ್ಲ ಇನ್ನೊಮ್ಮೆ ಓದಿದಳು. ಸಂಜೆಯ ಹೊತ್ತಿಗೆ ಜೋಡಣೆಯ ಗುಂಡಿ ಒತ್ತಿದಳು. ಪರದೆಯ ಮೇಲೆ ಹಸಿರು ಪಟ್ಟಿ ಬಸವನ ಹುಳುವಿನಂತೆ ತೆವಳತೊಡಗಿತು. ಯಾವಾಗಲೂ ಆರಿಹೋಗುತ್ತಿದ್ದ ಅರ್ಧ ದಾರಿ ಬಂತು. ಭಾವ ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಪಟ್ಟಿ ಅರ್ಧ ದಾಟಿತು, ಮುಕ್ಕಾಲು ದಾಟಿತು, ತುಂಬಿತು! ಅಧ್ಯಾಯ ಹೋಯಿತು.

ಕತ್ತಲಾಗುವ ಮುಂಚೆ ಫೋನು ಬಂತು. "ಆಫೀಸಿನ ಬೀಗ ಕೈಯಲ್ಲಿ ಹಿಡ್ಕೊಂಡೇ ಕೇಳಿದೆ ಮೇಡಂ," ಎಂದರು ಆ ಕಡೆಯಿಂದ. "ಈಗ ಹೆಣ ಸರಿಯಾಗಿ ಸತ್ತಿದೆ. ಪುಸ್ತಕ ನಿಮ್ಮದು. ಸೋಮವಾರ ಎರಡನೇ ಅಧ್ಯಾಯ ಶುರುಮಾಡಿ."

ಸೋತ ರಾಜನ ಕೋಟೆಗೆ ಗೆದ್ದವರು ನುಗ್ಗುವುದು ಧರ್ಮ. ಆ ಸಂಜೆ ಅಕ್ಕ ತಂಗಿಯರು ನುಗ್ಗಿದರು. ರಿಮೋಟು ಚೀಲದಿಂದ ಬಿಡುಗಡೆಯಾಯಿತು. ಕುರ್ಚಿಗಳ ಹೊದಿಕೆ ಹೋಯಿತು, ಅವು ನೀಲಿ ಬಣ್ಣದವೆಂದು ಭಾವನಿಗೆ ಆಗಲೇ ತಿಳಿದದ್ದು. ತೂಕದ ಯಂತ್ರದ ಹಾಳೆಯನ್ನು ಮಾತ್ರ ಇಬ್ಬರೂ ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ಹಾಗೇ ಬಿಟ್ಟರು. ಪ್ರತಿ ಚರ್ರ್ ಸದ್ದಿಗೂ ಭಾವ ಹಲ್ಲು ಕಚ್ಚಿ ಕೂತಿದ್ದ.

"ಅಕ್ಕ, ಇದಕ್ಕೂ ಇದೆ!" ಎಂದು ನಡುಮನೆಯಿಂದ ನಾದಿನಿ ಕೂಗಿದಳು.

ಮೂವರೂ ಮದುವೆಯ ಫೋಟೋದ ಮುಂದೆ ನಿಂತರು. ಕಟ್ಟಿನ ಅಂಚಿನಲ್ಲಿ ತೆಳ್ಳನೆಯ ಹಾಳೆಯ ಮೂಲೆಯೊಂದು ಎದ್ದಿತ್ತು. ಫೋಟೋಗ್ರಾಫರ್‌ನ ಕೈ ನಡುಗಿರಲಿಲ್ಲ! ಇಷ್ಟು ವರ್ಷ ಕವಿದಿದ್ದ ಮಂಜು ಕಟ್ಟು ಹಾಕಿದವನು ಅಂಟಿಸಿದ ಕವರು! ಭಾವನ ಎದೆ ಹಿಗ್ಗಿತು. ಕೊನೆಗೂ ತನ್ನ ಮುಖದ ಕಳೆ ಲೋಕಕ್ಕೆ ಕಾಣಲಿದೆ. "ನಾನೇ ತೆಗೀತೀನಿ," ಎಂದು ಮುಂದೆ ಬಂದು, ಜೀವನದಲ್ಲಿ ಮೊದಲ ಬಾರಿಗೆ, ತನ್ನ ಕೈಯಾರೆ ಒಂದು ಕವರನ್ನು ಸುಲಿದ.

ಮಂಜು ಸರಿಯಿತು. ಹೆಂಡತಿ ಅರಳಿದ ಹೂವಿನಂತೆ ನಗುತ್ತಿದ್ದಳು. ಪಕ್ಕದಲ್ಲಿ ಭಾವ ಬಾಯಿ ತೆರೆದು, ಒಂದು ಕಣ್ಣು ಮುಚ್ಚಿ, ಸೀನುವುದಕ್ಕೆ ಸಿದ್ಧನಾಗಿ ನಿಂತಿದ್ದ. ಹೊಸ ಅಂಗಿಯ ಕಾಲರಿನ ಸುತ್ತ, ಅಂಗಡಿಯಿಂದ ಬಂದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಫಳಫಳ ಹೊಳೆಯುತ್ತಿತ್ತು.

ಆಮೇಲೆ ಹೆಂಡತಿ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡಳು.

"ಯಜಮಾನರೇ, ದಯವಿಟ್ಟು ಗಮನಿಸಿ! ಇದೊಂದರ ಕವರನ್ನು ಮಾತ್ರ ಕೂಡಲೇ ಮತ್ತೆ ಅಂಟಿಸಬೇಕಾಗಿ ವಿನಂತಿ!"